ಅಗ್ಗದ ಅಂಗಿಯ ಬಾಕಿ ಬೆಲೆ

೨೦೧೩ನೆಯ ಇಸವಿ ಏಪ್ರಿಲ್ ೨೪ನೆಯ ತಾರೀಖು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸ್ವಲ್ಪ ಮುನ್ನ, ಬಾಂಗ್ಲಾದೇಶದ ರಾಜಧಾನಿಯಾದ ಢಾಕಾಕ್ಕೆ ಸಮೀಪದ ಸಾವಾರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವು ಕುಸಿದುಬಿದ್ದು ೧,೧೩೪ ಮಂದಿ ಮಡಿದುದನ್ನು ನಮ್ಮ ವಾಚಕರು ಮರೆತಿರಲಾರರು. ಗಾಯಗೊಂಡವರು ಎರಡು ಸಾವಿರಕ್ಕೂ ಮೇಲು. ಆ ಕಟ್ಟಡದಲ್ಲಿ ಐದು ಉಡುಪಿನ ಕಾರ್ಖಾನೆಗಳಿದ್ದುವು. ಸತ್ತವರಲ್ಲಿ ಬಹುಮಂದಿ ಅಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತಿದ್ದ ಹೆಂಗಸರು. ಹಿಂದಿನ ದಿನವೇ ಗೋಡೆಗಳೂ ಕಂಬಗಳೂ ಬಿರುಕು ಬಿಟ್ಟಿದ್ದುವು. ಕೆಳಗಿನ ಭಾಗದಲ್ಲಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ಮನೆಗೆ ಕಳುಹಿಸಿದರು. ಅಂಗಡಿಗಳವರು ಬಾಗಿಲು ಮುಚ್ಚಿದರು. ಮೇಲಿನ ಅಂತಸ್ತುಗಳ ಹೊಲಿಗೆಯವರಿಗೆ ಮಾತ್ರ ಮರುದಿನ ಬೆಳಿಗ್ಗೆ ಒಳಗೆ ನಡೆಯಿರೆಂದು ಅಪ್ಪಣೆಯಾಯಿತು. ನಡುವೆ ವಿದ್ಯುಚ್ಛಕ್ತಿ ನಿಂತಿತು. ಮೇಲಂತಸ್ತುಗಳಲ್ಲಿ ಇರಿಸಿದ್ದ ದೊಡ್ಡ ಜನರೇಟರುಗಳು ಚಾಲೂ ಆದುವು. ಕಟ್ಟಡವು ನಿಂತ ನಿಲುವಿನಲ್ಲೇ ಕೆಳಗಿಳಿಯಿತು.

ಬ್ಯಾಂಕಿನ ಗುಮಾಸ್ತನೂ ಹೊಲಿಗೆಯ ಹೆಂಗಸೂ ನೋಡಿದ್ದು ಒಂದೇ ಬಿರುಕನ್ನು. ಅವನು ಮನೆಗೆ ಹಿಂತಿರುಗಬಲ್ಲವನಾದನು, ಇವಳು ಆಗಲಿಲ್ಲ. ಅದೇಕೆಂದು ವಿಚಾರಮಾಡದೆ ಈ ದುರಂತವನ್ನು ಕಟ್ಟಡದ ಮಾಲಿಕನ ದುಷ್ಟತನವೆಂದು ಬರೆದು ಮುಗಿಸುವುದು ಸುಲಭ. ಅವನು ದುಷ್ಟನಲ್ಲವೆಂದು ನಾವು ಹೇಳುವುದಿಲ್ಲ. ಹೊಂಡ ತುಂಬಿದ ನೆಲದ ಮೇಲೆ ಕಟ್ಟಡ ಎಬ್ಬಿಸಿ, ಪರವಾನಗಿಗೆ ಮೀರಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದವನು ಅವನೇ. ನಾಲ್ಕು ದಿನಗಳ ಮೇಲೆ ನಮ್ಮ ದೇಶದ ಗಡಿಯ ಬಳಿ ಸಿಕ್ಕಿಬಿದ್ದವನೂ ಅವನೇ. ಆದರೆ ಅಂದು ಯಂತ್ರ ನಿಲ್ಲಕೂಡದೆಂಬ ಅವಸರವನ್ನು ಹುಟ್ಟಿಸಿದವನು ಅವನೊಬ್ಬನೇ ಅಲ್ಲ. ಮಾಲು ಇಂಥ ದಿನ ಹಡಗಿಗೇರಬೇಕೆಂಬ ತಾರೀಖನ್ನು ಗೊತ್ತುಮಾಡಿದವರು ಸಾವಾರಿನಲ್ಲಿ ಇರಲಿಲ್ಲ.

ಈ ವ್ಯಾಪಾರದ ಗಂಟನ್ನು ಸ್ವಲ್ಪ ಬಿಚ್ಚಿ ನೋಡುವುದು ಅವಶ್ಯ. ಯೂರೋಪು ಅಮೆರಿಕಾಗಳಲ್ಲಿ ಬೀದಿಗೊಂದು ಅಂಗಡಿ ಇಟ್ಟಿರುವ ದೊಡ್ಡ ಕಂಪೆನಿಗಳಲ್ಲಿ ಬಹುಮಟ್ಟಿನವಕ್ಕೆ ಸ್ವಂತ ಹೊಲಿಗೆಯ ಕಾರ್ಖಾನೆಯೇ ಇಲ್ಲ. ಅವರಲ್ಲಿರುವುದು ಹೆಸರು, ಹೆಸರಿನ ಚೀಟಿ, ಜಾಹೀರಾತು. ಇಂಥ ನಮೂನೆಯ ಇಷ್ಟು ಲಕ್ಷ ಅಂಗಿ ಇಂಥ ದಿನದೊಳಗೆ ಬೇಕು, ತಲಾ ಇಷ್ಟು ಡಾಲರು ಎಂದು ಅವರು ಬೆಲೆ ನುಡಿಯುತ್ತಾರೆ. ಢಾಕಾದವನು ಒಪ್ಪದಿದ್ದರೆ ಬೆಂಗಳೂರಿನವನು, ಅವನೂ ಒಪ್ಪದಿದ್ದರೆ ಹನೋಯಿಯವನೋ ಫ್ನೋಮ್ ಪೆನ್ನಿನವನೋ ಸಿದ್ಧನಾಗಿದ್ದಾನೆ. ಒಪ್ಪಿಕೊಂಡವನು ಸಾಲ ಮಾಡಿ ಬಟ್ಟೆ ಕೊಂಡು, ತನ್ನ ಕೈಗೆ ಮೀರಿದ ಭಾಗವನ್ನು ಒಳಗುತ್ತಿಗೆಗೆ ಕೊಟ್ಟು, ಮಾಲು ಕಳುಹಿಸಿದ ಮೇಲೆ ತಿಂಗಳುಗಟ್ಟಲೆ ಹಣಕ್ಕಾಗಿ ಕಾಯಬೇಕು. ಹತ್ತಿಯ ಬೆಲೆಯನ್ನು ಅವನು ಇಳಿಸಲಾರನು. ವಿದ್ಯುತ್ತಿನ ದರ, ಬ್ಯಾಂಕಿನ ಬಡ್ಡಿ, ಹಡಗಿನ ಬಾಡಿಗೆ ಇವುಗಳ ಮೇಲೂ ಅವನ ಅಧಿಕಾರವಿಲ್ಲ. ಅವನ ಹಿಡಿತಕ್ಕೆ ಸಿಕ್ಕುವುವು ಎರಡೇ: ಕೂಲಿ ಮತ್ತು ಕೊಳೆನೀರು. ಪರದೇಶದ ಕೊಳ್ಳುವವನು ಬೆಲೆಯಲ್ಲಿ ಕಡಿದುಕೊಂಡದ್ದನ್ನು ಈತನು ಹೊಲಿಯುವವಳ ಸಂಬಳದಲ್ಲಿ ಹಿಂಡುತ್ತಾನೆ, ಇಲ್ಲವೆ ಬಣ್ಣದ ನೀರನ್ನು ಶುದ್ಧಿಮಾಡದೆ ಹೊಳೆಗೆ ಬಿಡುತ್ತಾನೆ. ಅಂಗಿಯ ಮೇಲೆ ಅಚ್ಚಾದ ಬೆಲೆ ಅದರ ಪೂರ್ತಿ ಬೆಲೆಯಲ್ಲ; ಕೊಟ್ಟು ತೀರದ ಬಾಕಿಯೊಂದು ಮತ್ತಾರದೋ ಹೆಸರಿನಲ್ಲಿ ಖರ್ಚು ಬಿದ್ದಿರುತ್ತದೆ. ಅಂಗಡಿಯ ಬೆಲೆಯಲ್ಲಿ ಅದನ್ನು ಹೊಲಿದವರ ಕೂಲಿ ನೂರಕ್ಕೆ ಮೂರನ್ನು ದಾಟುವುದು ಅಪರೂಪವೆಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮದು. ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

೨೦೨೦ನೆಯ ಮಾರ್ಚಿಯಲ್ಲಿ ಕೊರೋನಾ ಜಾಡ್ಯ ಹರಡಿ ಯೂರೋಪಿನ ಅಂಗಡಿಗಳು ಮುಚ್ಚಿದಾಗ ಈ ಏರ್ಪಾಡಿನ ನಿಜವಾದ ರೂಪವು ಬೆಳಕಿಗೆ ಬಂತು. ಕತ್ತರಿಸಿ ಮುಗಿದಿದ್ದ, ಹೊಲಿದು ಮುಗಿದಿದ್ದ ಮಾಲನ್ನು ಸಹ ಬೇಡವೆಂದರು. ಬಾಂಗ್ಲಾದೇಶವೊಂದರಲ್ಲೇ ರದ್ದಾದ ಅಥವಾ ತಡೆಹಿಡಿದ ಆರ್ಡರುಗಳ ಮೊತ್ತ ೩೦೦ ಕೋಟಿ ಡಾಲರಿಗೂ ಮೀರಿತೆಂದು ಅಲ್ಲಿಯ ಕಾರ್ಖಾನೆದಾರರ ಸಂಘವು ಲೆಕ್ಕ ಕೊಟ್ಟಿತು. ಉಡುಪಿನ ರಫ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ, ಸುಮಾರು ೪೦ ಲಕ್ಷ ಜನ ಇದರಿಂದಲೇ ಜೀವಿಸುವ ದೇಶವದು. ಕೆಲವು ಕಂಪೆನಿಗಳು ಆಮೇಲೆ ಲೋಕನಿಂದೆಗೆ ಅಂಜಿ ಹಣ ಕೊಟ್ಟುವು. ಅಂಜಿಕೆ ಇರುವವರೆಗೆ ಮಾತ್ರ ಬದುಕುವ ಧರ್ಮವನ್ನು ನಂಬಿ ಎಷ್ಟು ದಿನ ಇರಬಹುದು?

ಬಾಂಗ್ಲಾದ ಮಾತು ಕನ್ನಡಿಗರಿಗೇಕೆ ಎಂದು ಕೇಳುವವರಿದ್ದರೆ ಅವರು ಒಂದು ದಿನ ಬೆಳಿಗ್ಗೆ ಪೀಣ್ಯದಲ್ಲಿಯೋ ಬೊಮ್ಮನಹಳ್ಳಿಯಲ್ಲಿಯೋ ಮೈಸೂರು ರಸ್ತೆಯಲ್ಲಿಯೋ ನಿಂತು ನೋಡಲಿ. ಕೈಯಲ್ಲಿ ಬುತ್ತಿಯ ಚೀಲ ಹಿಡಿದು, ಬಸ್ಸುಗಳಿಂದಲೂ ಟೆಂಪೋಗಳಿಂದಲೂ ಇಳಿದು, ಗೇಟು ಮುಚ್ಚೀತೆಂಬ ಭಯದಿಂದ ಓಡುನಡಿಗೆಯಲ್ಲಿ ಹೋಗುವ ಸಾವಿರಾರು ಹೆಣ್ಣುಮಕ್ಕಳು ಯಾರು? ರಾಮನಗರ, ಕನಕಪುರ, ಮಂಡ್ಯ, ತುಮಕೂರುಗಳ ಹಳ್ಳಿಗಳವರು. ಮಳೆ ಹೋಗಿ ಹೊಲ ಬೀಳಾದವರು, ಗಂಡ ಕುಡಿದು ಮನೆ ಹಾಳಾದವರು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಬೇಕೆಂಬ ಹಂಬಲವುಳ್ಳವರು. ಈಚಿನ ವರ್ಷಗಳಲ್ಲಿ ಒಡಿಶಾ ಜಾರ್ಖಂಡಗಳಿಂದಲೂ ಎಳೆಯ ಹುಡುಗಿಯರನ್ನು ಕರೆತಂದು ಹಾಸ್ಟೆಲುಗಳಲ್ಲಿ ಇರಿಸಿದ್ದಾರೆ. ಈ ಕೆಲಸಕ್ಕೆ ನಮ್ಮ ಜನರ ಬಾಯಲ್ಲಿ ಗಾರ್ಮೆಂಟ್ಸು ಎಂದೇ ಹೆಸರು. ಕರ್ನಾಟಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಅನ್ನ.

ಅದು ಅನ್ನವೆಂಬುದನ್ನು ನಾವು ಮರೆಯಲಾರೆವು. ಹೆಣ್ಣುಮಗಳೊಬ್ಬಳ ಕೈಗೆ ತಿಂಗಳಿಗೊಮ್ಮೆ ಅವಳದೇ ದುಡ್ಡು ಬರುವಂತಾದುದು ಸಣ್ಣ ಸಂಗತಿಯಲ್ಲ. ಹಳ್ಳಿಯ ಜಮೀನ್ದಾರನ ಮನೆಯ ಕೂಲಿಗಿಂತ ಇದು ಮೇಲೆಂದು ಅವಳೇ ಹೇಳುತ್ತಾಳೆ. ಆದರೆ ಆ ದುಡ್ಡು ಬರುವ ರೀತಿಯನ್ನು ನೋಡಬೇಕು. ಒಂದು ಅಂಗಿಯ ಹೊಲಿಗೆಯನ್ನು ಹತ್ತಾರು ತುಂಡುಗಳಾಗಿ ಒಡೆದಿರುತ್ತಾರೆ. ಕಾಲರು ಕೂಡಿಸುವವಳು ವರ್ಷವಿಡೀ ಕಾಲರನ್ನೇ ಕೂಡಿಸುತ್ತಾಳೆ, ಗುಂಡಿಯ ಕಾಜ ಹಾಕುವವಳು ಕಾಜವನ್ನೇ ಹಾಕುತ್ತಾಳೆ. ಇಡೀ ಅಂಗಿಯೊಂದನ್ನು ಹೊಲಿಯುವ ವಿದ್ಯೆ ಹತ್ತು ವರ್ಷ ದುಡಿದರೂ ಅವಳ ಕೈಸೇರುವುದಿಲ್ಲ. ಗಂಟೆಗೆ ಇಷ್ಟು ಪೀಸೆಂದು ಹಲಗೆಯ ಮೇಲೆ ಬರೆದಿರುತ್ತದೆ. ಅಷ್ಟಾಗದಿದ್ದರೆ ಸೂಪರ್ವೈಜರನ ಬೈಗುಳ. ಅವು ಪತ್ರಿಕೆಯಲ್ಲಿ ಅಚ್ಚು ಮಾಡುವಂಥವಲ್ಲ. ಪಾಯಖಾನೆಗೆ ಹೋದರೆ ಲೈನು ನಿಲ್ಲುವುದೆಂಬ ಅಂಜಿಕೆಯಿಂದ ಬೇಸಗೆಯಲ್ಲೂ ನೀರು ಕುಡಿಯದೆ ಇರುವವರಿದ್ದಾರೆ. ಬೆನ್ನುನೋವು, ಬಟ್ಟೆಯ ಧೂಳಿನ ಕೆಮ್ಮು, ಮೂತ್ರದ ಬೇನೆ ಇವು ಈ ಉದ್ಯೋಗದ ಜಾಡ್ಯಗಳು. ನಲವತ್ತು ದಾಟಿದವಳಿಗೆ ವೇಗ ಸಾಲದೆ ಹೋಗುತ್ತದೆ.

೨೦೧೬ನೆಯ ಏಪ್ರಿಲ್ ೧೮ ಮತ್ತು ೧೯ನೆಯ ತಾರೀಖುಗಳಲ್ಲಿ ಇವರೇ ಹೊಸೂರು ರಸ್ತೆಗೆ ಇಳಿದರು. ಮಾಲಿಕರು ಕಟ್ಟುವ ಭವಿಷ್ಯನಿಧಿಯ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರಕಾರವು ಆ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ದೆಹಲಿಯ ಕಚೇರಿಯಲ್ಲಿ ಕುಳಿತವರಿಗೆ ಅದು ಮುಪ್ಪಿನ ಕಾಲದ ಹಣ. ಬೊಮ್ಮನಹಳ್ಳಿಯವಳಿಗೆ ಅದು ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ಬಡ್ಡಿಯವನ ಬಾಯಿ ಮುಚ್ಚಿಸುವ ಉಪಾಯ. ಐದಾರು ವರ್ಷಕ್ಕೊಮ್ಮೆ ಕೆಲಸ ಬಿಟ್ಟಾದರೂ ಅದನ್ನು ಬಿಡಿಸಿಕೊಳ್ಳದೆ ಅವಳ ಸಂಸಾರ ಸಾಗದು. ಕರೆಕೊಟ್ಟ ಸಂಘವಿರಲಿಲ್ಲ, ಭಾಷಣ ಮಾಡಿದ ಮುಂದಾಳುಗಳಿರಲಿಲ್ಲ. ಲಾಠಿ ಬೀಸಿತು, ಅಶ್ರುವಾಯು ಹಾರಿತು, ಕೆಲವೆಡೆ ಬಸ್ಸುಗಳು ಸುಟ್ಟುವು. ಆ ಸುಡುವಿಕೆಯನ್ನು ನಾವು ಮೆಚ್ಚಲಾರೆವು. ಆದರೆ ಎರಡನೆಯ ದಿನ ಸಂಜೆಯೊಳಗೆ ಕೇಂದ್ರ ಸರಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ನೌಕರರಿಗೆ ಲಾಭವಾದ ಈ ಗೆಲುವನ್ನು ತಂದವರು ಬೆಂಗಳೂರಿನ ಹೊಲಿಗೆಯ ಹೆಂಗಸರು. ಅವರಲ್ಲಿ ಒಬ್ಬಳ ಹೆಸರನ್ನೂ ನಾಡು ನೆನಪಿಟ್ಟಿಲ್ಲ.

ಅವರಿಗೆ ನಾಡು ತೋರಿಸಿದ ಕೃತಜ್ಞತೆ ಎಂಥದೆಂಬುದು ನಾಲ್ಕು ವರ್ಷಗಳ ಮೇಲೆ ಗೊತ್ತಾಯಿತು. ಆಗ ಜಾರಿಯಲ್ಲಿದ್ದ ೧೯೪೮ನೆಯ ಕನಿಷ್ಠ ವೇತನ ಕಾಯಿದೆಯ ಮೇರೆಗೆ ೨೦೨೦ನೆಯ ಏಪ್ರಿಲಿನಿಂದ ತುಟ್ಟಿಭತ್ಯೆಯು ತಿಂಗಳಿಗೆ ೪೧೭ ರೂಪಾಯಿನಷ್ಟು ಏರಬೇಕಾಗಿತ್ತು. ಇದು ಸಂಬಳದ ಏರಿಕೆಯಲ್ಲ. ಅಕ್ಕಿ ಬೇಳೆಗಳ ಬೆಲೆ ಏರಿದಷ್ಟನ್ನು ತುಂಬಿಕೊಡುವುದು ಮಾತ್ರ. ಇಪ್ಪತ್ತಾರು ದಿನದ ದುಡಿಮೆಗೆ ಹಂಚಿದರೆ ದಿನಕ್ಕೆ ಹದಿನಾರು ರೂಪಾಯಿ. ಕರ್ನಾಟಕ ಸರಕಾರದವರು ಇದನ್ನು ಒಂದು ವರ್ಷ ಮುಂದಕ್ಕೆ ಹಾಕಿ ಆಜ್ಞೆ ಹೊರಡಿಸಿದರು. ಕಾರ್ಮಿಕ ಸಂಘಗಳು ಉಚ್ಚ ನ್ಯಾಯಾಲಯದ ಮೆಟ್ಟಲೇರಿದುವು; ಅದೇ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಬಾಕಿಯೊಡನೆ ಕೊಡತಕ್ಕದ್ದೆಂದು ಹೇಳಿತು. ಹೇಳಿದ ಮೇಲೂ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷ ಜನರಿಗೆ ೪೧೭ ರೂಪಾಯಿಯಂತೆ ವಾಚಕರೇ ಗುಣಿಸಿ ನೋಡಲಿ: ತಿಂಗಳಿಗೆ ೧೬ ಕೋಟಿ ೬೮ ಲಕ್ಷ. ರಾಜ್ಯದ ಅತಿ ದೊಡ್ಡ ಕಾರ್ಖಾನೆದಾರರು ಬಾಕಿ ತೀರಿಸುವುದಾಗಿ ಒಪ್ಪಿದ್ದು ೨೦೨೨ನೆಯ ಫೆಬ್ರುವರಿಯಲ್ಲಿ. ಅದೂ ನಮ್ಮ ಕಾರ್ಮಿಕ ಇಲಾಖೆಯ ನೋಟೀಸಿನಿಂದಲ್ಲ. ಈ ಸಂಗತಿ ಪರದೇಶದ ಪತ್ರಿಕೆಗಳಲ್ಲಿ ಬಂದು ಅಲ್ಲಿಯ ಕೊಳ್ಳುವವರು ಮುಜುಗರಪಟ್ಟ ಮೇಲೆ. ನಮ್ಮ ನ್ಯಾಯಾಲಯದ ಮಾತಿಗಿಂತ ಲಂಡನ್ನಿನ ಅಂಗಡಿಯವನ ಹುಬ್ಬುಗಂಟಿಗೆ ಬೆಲೆ ಹೆಚ್ಚಾದ ನಾಡಿನಲ್ಲಿ ಸ್ವಾತಂತ್ರ್ಯವೆಂದರೇನೆಂದು ನಾವು ಯೋಚಿಸಬೇಕಾಗಿದೆ.

ಅದೇ ೨೦೨೦ನೆಯ ಜೂನಿನಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆಯು ಆರ್ಡರಿಲ್ಲವೆಂದು ಬಾಗಿಲು ಮುಚ್ಚಿ ಸುಮಾರು ೧,೨೦೦ ಜನರನ್ನು ಹೊರಹಾಕಿತು. ಅವರಲ್ಲಿ ಬಹುಮಂದಿ ಸಂಘದ ಸದಸ್ಯರು. ಆವರಣದಲ್ಲೇ ವಾರಗಟ್ಟಲೆ ಧರಣಿ ಕುಳಿತರು. ಮರುವರ್ಷದ ಆರಂಭದಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟವೂ ಕೊಳ್ಳುವ ಕಂಪೆನಿಯೂ ಮಧ್ಯೆ ಬಂದ ಮೇಲೆ, ಅವರನ್ನು ಪುನಃ ಕೆಲಸಕ್ಕೆ ತೆಗೆದುಕೊಳ್ಳುವ ಕರಾರಾಯಿತು.

ಇಷ್ಟು ಕೂಲಿಯ ಮಾತಾಯಿತು. ಇನ್ನು ನೀರಿನದು. ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯು ತಮಿಳುನಾಡಿಗೆ ಇಳಿದ ಮೇಲೆ ಕರೂರು ಸೀಮೆಯಲ್ಲಿ ನೊಯ್ಯಲ್ ಎಂಬ ಉಪನದಿಯು ಅದನ್ನು ಕೂಡುತ್ತದೆ. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ಈ ಹೊಳೆಯ ದಂಡೆಯಲ್ಲಿ ತಿರುಪ್ಪೂರು ಇದೆ. ಭಾರತವು ರಫ್ತು ಮಾಡುವ ಹತ್ತಿಯ ಬನಿಯನ್ನು, ಟೀ ಶರ್ಟುಗಳಲ್ಲಿ ಬಹುಭಾಗ ಆ ಊರಿನದು. ನಲವತ್ತು ಐವತ್ತು ವರ್ಷಗಳಲ್ಲಿ ಸಣ್ಣ ಪೇಟೆಯೊಂದು ಜಗತ್ತಿಗೆ ಬಟ್ಟೆ ಕೊಡುವ ನಗರವಾದದ್ದು ಅಲ್ಲಿಯ ಗೌಂಡರ್ ರೈತರ ಮಕ್ಕಳ ಸಾಹಸವೆಂದು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಹತ್ತಿಗೆ ಬಣ್ಣ ಹಿಡಿಸಬೇಕಾದರೆ ರಾಶಿ ರಾಶಿ ಉಪ್ಪು ಬೇಕು. ಬಣ್ಣವನ್ನು ಎಳೆಗೆ ಅಂಟಿಸಿ ಉಪ್ಪು ತಾನು ಅಂಟದೆ ನೀರಿನಲ್ಲಿ ಉಳಿಯುತ್ತದೆ. ಏಳುನೂರಕ್ಕೂ ಮೇಲ್ಪಟ್ಟ ಬಣ್ಣದ ಕಾರ್ಖಾನೆಗಳ ಆ ಉಪ್ಪುನೀರೂ ಉಳಿದ ಬಣ್ಣವೂ ವರ್ಷಾನುವರ್ಷ ನೊಯ್ಯಲಿಗೆ ಹೋದುವು.

ಹೊಳೆಯ ಕೆಳಭಾಗದಲ್ಲಿ ಒರತ್ತುಪಾಳ್ಯಂ ಎಂಬಲ್ಲಿ ೧೯೯೦ರ ದಶಕದ ಮೊದಲಲ್ಲಿ ಸರಕಾರವು ರೈತರಿಗೆಂದು ಅಣೆಕಟ್ಟು ಕಟ್ಟಿಸಿತು. ಕೆಲವೇ ವರ್ಷಗಳಲ್ಲಿ ಅದರಲ್ಲಿ ನಿಂತದ್ದು ನೀರಲ್ಲ, ತಿರುಪ್ಪೂರಿನ ಬಣ್ಣ. ಬಾವಿಗಳು ಉಪ್ಪಾದುವು, ತೆಂಗು ಸೊರಗಿತು, ದನಗಳು ಮೂಸಿ ಹಿಂದೆ ಸರಿದುವು. ಅಣೆಕಟ್ಟಿಗಾಗಿ ಭೂಮಿ ಬಿಟ್ಟುಕೊಟ್ಟ ಸೀಮೆಯ ರೈತರೇ ಮುಂದೆ, ದಯವಿಟ್ಟು ತೂಬು ತೆರೆಯಬೇಡಿರಿ, ಆ ನೀರು ನಮ್ಮ ಹೊಲಕ್ಕೆ ಬೇಡ ಎಂದು ಬೇಡಿಕೊಳ್ಳುವಂತಾಯಿತು. ನೀರಾವರಿಯ ಚರಿತ್ರೆಯಲ್ಲಿ ಇಂಥ ಅರ್ಜಿ ಬೇರೆಲ್ಲಿಯೂ ಬಂದಿರಲಿಕ್ಕಿಲ್ಲ. ರೈತರು ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋದರು. ಒಂದು ತೊಟ್ಟು ಕೊಳೆನೀರೂ ಹೊರಬೀಳಕೂಡದೆಂದು ೨೦೦೬ರಲ್ಲಿ ಆಜ್ಞೆಯಾಯಿತು. ಅದು ಪಾಲನೆಯಾಗದಿರಲು ೨೦೧೧ನೆಯ ಜನವರಿಯಲ್ಲಿ ಬಣ್ಣದ ಕಾರ್ಖಾನೆಗಳೆಲ್ಲವನ್ನೂ ಮುಚ್ಚಿರೆಂದು ನ್ಯಾಯಾಲಯವು ಅಪ್ಪಣೆ ಮಾಡಿತು. ಸಾವಿರಾರು ಕೂಲಿಗಾರರು ಕೆಲಸ ಕಳೆದುಕೊಂಡರು. ಬಳಿಕ ನೀರನ್ನು ಸೋಸಿ, ಕಾಯಿಸಿ, ಉಪ್ಪನ್ನು ಬೇರ್ಪಡಿಸಿ ಪುನಃ ಬಳಸುವ ದುಬಾರಿ ಯಂತ್ರಗಳನ್ನು ಕೂಡಿಸಿ ಒಂದೊಂದಾಗಿ ತೆರೆದರು. ಇದು ಶ್ಲಾಘ್ಯವೇ. ಆದರೆ ಬೆಲೆ ನುಡಿಯುವ ಪರದೇಶದವನು ಈ ಖರ್ಚನ್ನು ತನ್ನದೆಂದು ಕೊಟ್ಟನೆ? ಶುದ್ಧಿಯ ಭಾರ ಹೊತ್ತ ತಿರುಪ್ಪೂರಿನವನು, ಅದನ್ನು ಹೊರದ ಬೇರೆ ಊರಿನವನೊಡನೆ ಅದೇ ಬೆಲೆಗೆ ಪೈಪೋಟಿ ಮಾಡಬೇಕಾಗಿದೆ. ಒಳ್ಳೆಯವನಾದುದಕ್ಕೆ ದಂಡ! ಪೀಣ್ಯದ ನೀರೂ ಬೆಂಗಳೂರಿನ ಕೊಳಚೆಯೂ ಸೇರಿ ವೃಷಭಾವತಿಯಲ್ಲಿ ಬೈರಮಂಗಲದ ಕೆರೆಗೆ ಹೋಗುವುದನ್ನು ದಿನವೂ ನೋಡುತ್ತಿರುವ ನಾವು, ತಮಿಳರನ್ನು ಈ ವಿಷಯದಲ್ಲಿ ಹಂಗಿಸುವಂತೆಯೂ ಇಲ್ಲ.

ಹೀಗೆ ಹೆಣ್ಣಿನ ಬೆನ್ನನ್ನೂ ಹೊಳೆಯ ನೀರನ್ನೂ ತಿಂದು ಹುಟ್ಟಿದ ಅಂಗಿಯ ಆಯುಸ್ಸೆಷ್ಟು? ನಮ್ಮ ಮನೆಗಳಲ್ಲಿ ಸೀರೆಯೊಂದು ಹಬ್ಬದ ಸೀರೆಯಾಗಿ ಬಂದು, ನಿತ್ಯದ ಸೀರೆಯಾಗಿ, ಹಳತಾದ ಮೇಲೆ ಮಗುವಿನ ತೊಟ್ಟಿಲಾಗಿ, ಕಡೆಗೆ ಬಯಲುಸೀಮೆಯ ಅಜ್ಜಿಯರ ಕೈಯಲ್ಲಿ ಕೌದಿಯಾಗಿ ಎರಡು ತಲೆಮಾರು ಹೊದೆಸುತ್ತಿತ್ತು. ಉಳಿದದ್ದನ್ನು ಸ್ಟೀಲು ಪಾತ್ರೆಯವಳು ಕೊಂಡೊಯ್ಯುತ್ತಿದ್ದಳು. ಪಶ್ಚಿಮದಲ್ಲಿ ನಾಲ್ಕಾರು ಸಲ ತೊಟ್ಟು ಬಿಸುಟ ಬಟ್ಟೆ ಮೂಟೆಗಟ್ಟಲೆ ಆಫ್ರಿಕೆಗೆ ಹೋಗುತ್ತದೆ. ಘಾನಾ ದೇಶದ ಆಕ್ರಾ ನಗರದ ಕಂಟಮಾಂಟೊ ಸಂತೆಗೆ ವಾರಕ್ಕೆ ಒಂದೂವರೆ ಕೋಟಿ ಹಳೆಯ ಉಡುಪುಗಳು ಬರುತ್ತವೆಂದು ಅಲ್ಲಿ ಕೆಲಸ ಮಾಡುವವರು ಅಂದಾಜು ಮಾಡಿದ್ದಾರೆ. ಆ ಜನ ಅದಕ್ಕೆ ಇಟ್ಟ ಹೆಸರಿನ ಅರ್ಥ, ಸತ್ತ ಬಿಳಿಯನ ಬಟ್ಟೆ ಎಂದು. ಬದುಕಿರುವವನು ಇಷ್ಟು ಬಟ್ಟೆಯನ್ನು ಬಿಸುಡಲಾರನೆಂದು ಅವರು ಭಾವಿಸಿದರು. ಮಾರಲಾಗದ ಹರಕು ಚರಂಡಿ ಸೇರಿ ಕಡಲಿಗೆ ಹೋಗಿ, ಮೀನುಗಾರರ ಬಲೆಗೆ ತೊಡರುತ್ತದೆ. ಜಗತ್ತಿನ ನಾರಿನ ಉತ್ಪತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಪಾಲಿಯೆಸ್ಟರು. ಕಲ್ಲೆಣ್ಣೆಯಿಂದ ಹುಟ್ಟಿದ ಅದು ಮಣ್ಣಿನಲ್ಲಿ ಕರಗುವುದೂ ಇಲ್ಲ. ನಮ್ಮ ಪಟ್ಟಣಗಳಲ್ಲಿಯೂ ಈಗ ಮೂರು ಕೊಂಡರೆ ಎರಡು ಪುಕ್ಕಟೆ ಎಂಬ ಹಲಗೆಗಳು ತೂಗುತ್ತಿರುವುದನ್ನು ಕಂಡರೆ ಕೌದಿಯ ಕಾಲ ಮುಗಿಯಿತೆಂದೇ ತೋರುತ್ತದೆ.

ಹಾಗಾದರೆ ಪರಿಹಾರವೇನು? ೧೯೨೧ನೆಯ ಜುಲೈಯಲ್ಲಿ ಮುಂಬಯಿಯಲ್ಲಿ ಪರದೇಶಿ ಬಟ್ಟೆಯನ್ನು ಬೆಂಕಿಗೆ ಹಾಕಿದ ದೇಶ ನಮ್ಮದು. ಇಂದು ಅದೇ ಉಪಾಯವನ್ನು ಹೇಳುವವರೂ ಇದ್ದಾರೆ: ಆ ಕಂಪೆನಿಗಳ ಬಟ್ಟೆಯನ್ನು ಕೊಳ್ಳಬೇಡಿ ಎಂದು. ಅಂದಿನ ಬಟ್ಟೆ ಮ್ಯಾಂಚೆಸ್ಟರಿನದು. ಇಂದಿನದನ್ನು ಹೊಲಿಯುವವಳು ಮದ್ದೂರಿನವಳು. ಬಹಿಷ್ಕಾರದ ಮೊದಲ ಪೆಟ್ಟು ಬೀಳುವುದು ಅವಳಿಗೆ. ಮಹಾತ್ಮರು ಸಹ ೧೯೩೧ರಲ್ಲಿ ವಿಲಾಯಿತಿಗೆ ಹೋದಾಗ, ತಮ್ಮ ಚಳವಳಿಯಿಂದ ಕೆಲಸ ಕಳೆದುಕೊಂಡ ಲ್ಯಾಂಕಶೈರಿನ ಗಿರಣಿಯ ಕೂಲಿಗಾರರನ್ನು ಡಾರ್ವೆನ್ ಎಂಬ ಊರಿಗೇ ಹೋಗಿ ಕಂಡು ಬಂದರು. ಸಾವಾರಿನ ಅಥವಾ ಬೊಮ್ಮನಹಳ್ಳಿಯ ಹೆಂಗಸು ಕಾರ್ಖಾನೆ ಮುಚ್ಚಿರೆಂದು ಕೇಳುತ್ತಿಲ್ಲ. ಗೋಡೆ ಬೀಳದಿರಲಿ, ಸಂಬಳ ಹೊಟ್ಟೆಗೆ ಸಾಲಲಿ ಎಂದು ಕೇಳುತ್ತಿದ್ದಾಳೆ.

ಇದು ಅಸಾಧ್ಯವಲ್ಲವೆಂಬುದಕ್ಕೆ ಸಾವಾರಿನ ಸಮಾಧಿಯ ಮೇಲೆಯೇ ನಿದರ್ಶನ ಹುಟ್ಟಿತು. ದುರಂತವಾದ ತಿಂಗಳೊಳಗಾಗಿ, ೨೦೧೩ನೆಯ ಮೇಯಲ್ಲಿ, ಕೊಳ್ಳುವ ಕಂಪೆನಿಗಳಿಗೂ ಕಾರ್ಮಿಕ ಸಂಘಗಳಿಗೂ ಒಂದು ಒಪ್ಪಂದವಾಯಿತು. ಇನ್ನೂರಕ್ಕೂ ಹೆಚ್ಚು ಕಂಪೆನಿಗಳು ಸಹಿ ಹಾಕಿದುವು. ಅದರ ಹೆಚ್ಚುಗಾರಿಕೆ ಇಷ್ಟೇ: ಅದು ಸದಾಶಯದ ಘೋಷಣೆಯಲ್ಲ, ಕಾಯಿದೆಯ ಬಲವುಳ್ಳ ಕರಾರು. ತಪ್ಪಿದವರನ್ನು ಹೇಗ್ ನಗರದ ಪಂಚಾಯತಿಯ ನ್ಯಾಯಾಲಯಕ್ಕೆ ಎಳೆಯಬಹುದಾಗಿತ್ತು. ಎಳೆದೂ ಎಳೆದರು, ಒಂದು ಕಂಪೆನಿಯು ೨೦೧೮ರಲ್ಲಿ ೨೩ ಲಕ್ಷ ಡಾಲರು ಕೊಟ್ಟು ರಾಜಿಯಾಯಿತು. ಸಾವಿರಾರು ಕಾರ್ಖಾನೆಗಳ ಕಂಬ, ತಂತಿ, ಬೆಂಕಿಯ ಬಾಗಿಲುಗಳನ್ನು ಇಂಜಿನಿಯರುಗಳು ಪರೀಕ್ಷಿಸಿ ದುರಸ್ತಿ ಮಾಡಿಸಿದರು. ೨೦೨೩ರಲ್ಲಿ ಅದು ಪಾಕಿಸ್ತಾನಕ್ಕೂ ಹರಡಿತು. ನಮ್ಮಲ್ಲಿಯೂ ದಿಂಡಿಗಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹುಡುಗಿಯೊಬ್ಬಳ ಕೊಲೆಯಾದ ಮೇಲೆ ೨೦೨೨ರಲ್ಲಿ ಮೂರು ಪರದೇಶಿ ಕಂಪೆನಿಗಳು ಹೆಂಗಸರ ಮಾನರಕ್ಷಣೆಯ ಬಗ್ಗೆ ಅಂಥದೇ ಕರಾರಿಗೆ ಒಪ್ಪಿದುವು. ಗೋಡೆಗಾಗಿ ಆದದ್ದು ಕೂಲಿಗಾಗಿ, ನೀರಿಗಾಗಿ ಏಕಾಗಬಾರದು? ಬಾಂಗ್ಲಾದ ಕನಿಷ್ಠ ಸಂಬಳ ೨೦೧೩ರಲ್ಲಿ ತಿಂಗಳಿಗೆ ೩,೦೦೦ ಟಾಕಾ ಇದ್ದದ್ದು, ೨೦೨೩ರ ಡಿಸೆಂಬರಿನಲ್ಲಿ ೧೨,೫೦೦ ಆಯಿತು. ಅಷ್ಟಕ್ಕೂ ಬೀದಿಯಲ್ಲಿ ಪ್ರಾಣ ಕೊಡಬೇಕಾಯಿತು. ಯೂರೋಪಿನ ಒಕ್ಕೂಟವು ದೊಡ್ಡ ಕಂಪೆನಿಗಳು ತಮಗೆ ಮಾಲೊದಗಿಸುವವರ ಅನ್ಯಾಯಕ್ಕೂ ಹೊಣೆಯೆಂದು ೨೦೨೪ರಲ್ಲಿ ಕಾಯಿದೆ ಮಾಡಿ, ಮರುವರ್ಷವೇ ಅದರ ಗಡುವನ್ನು ಮುಂದಕ್ಕೆ ತಳ್ಳಿತು. ಅವರ ದಯೆಯನ್ನು ಕಾಯುತ್ತ ಕೂರುವುದು ನಮಗೆ ಶೋಭಿಸದು.

ನಮ್ಮ ಸರಕಾರದವರು ಕೂಡಲೆ ಮಾಡಬಹುದಾದ ಕೆಲಸಗಳಿವೆ. ಬೆಂಗಳೂರಿನಿಂದ ದೂರ ಸರಿದಂತೆ ಕನಿಷ್ಠ ಕೂಲಿ ಇಳಿಯುವ ವಲಯದ ಪದ್ಧತಿಯಿಂದಾಗಿ ಕಾರ್ಖಾನೆಗಳು ಅಗ್ಗದ ತಾಲ್ಲೂಕನ್ನು ಹುಡುಕಿಕೊಂಡು ಹೋಗುತ್ತಿವೆ. ಗಿರಣಿಯ ಯಂತ್ರ ಒಂದೇ, ಅಂಗಿ ಒಂದೇ, ಪರದೇಶದಲ್ಲಿ ಅದರ ಬೆಲೆಯೂ ಒಂದೇ ಆಗಿರುವಾಗ ರಫ್ತಿನ ಉಡುಪಿಗೆ ಈ ಭೇದ ಏತಕ್ಕೆ? ಎರಡನೆಯದಾಗಿ, ಆ ೪೧೭ ರೂಪಾಯಿಯ ಬಾಕಿ ಸಲ್ಲುವುದಕ್ಕೆ ಮುಂಚೆ ಕೆಲಸ ಬಿಟ್ಟು ಊರಿಗೆ ಮರಳಿದವರು ಸಾವಿರಾರು ಮಂದಿ. ಅವರ ವಿಳಾಸ, ಬ್ಯಾಂಕಿನ ಖಾತೆ, ಭವಿಷ್ಯನಿಧಿಯ ನಂಬರು ಎಲ್ಲವೂ ಕಾರ್ಖಾನೆಗಳ ದಫ್ತರಿನಲ್ಲಿರತಕ್ಕದ್ದೇ. ಯಾವ ಕಾರ್ಖಾನೆ ಎಷ್ಟು ಜನರಿಗೆ ಎಷ್ಟು ಕೊಟ್ಟಿತು, ಎಷ್ಟು ಜನ ಉಳಿದರು ಎಂಬ ಪಟ್ಟಿಯನ್ನು ಕಾರ್ಮಿಕ ಇಲಾಖೆಯವರು ಕಾರ್ಖಾನೆವಾರಾಗಿ ಪ್ರಕಟಿಸಿ, ತಾಲ್ಲೂಕು ಕಚೇರಿಗಳಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿಯೂ ಅಂಟಿಸಲಿ. ಅಂಥ ಪಟ್ಟಿ ಹೊರಬಿದ್ದ ದಿನ ಅದಕ್ಕೆ ಈ ಪತ್ರಿಕೆಯಲ್ಲಿ ಸ್ಥಳವಿರುತ್ತದೆ.